ಪುಣೆಗೆ ಹೋಗುವ ಕ್ಯಾಸೆಟ್ಟು

ಈ ವೇದಿಕೆಯನ್ನು ಅಲಂಕರಿಸಿರುವ ಸಭಾಧ್ಯಕ್ಷರಾದ ನಾಗಣ್ಣನವರೇ, ಇಂಥ ಬಿಸಿಲಲ್ಲಿ ಆಳಂದದಿಂದ ದಯಮಾಡಿಸಿರುವ ಮುಖ್ಯ ಅತಿಥಿಗಳಾದ ದಶರಥರಾಯರೇ, ಕರೆದರೂ ಬರುವ, ಕರೆಯದಿದ್ದರೂ ಬರುವ ಜೇವರ್ಗಿಯ ನಮ್ಮ ಸೈದಪ್ಪನವರೇ, ಹೊಲಿಗೆ ಶಿಕ್ಷಕಿಯಾದ ಖುರ್ಷಿದ ಬೇಗಂ ಅವರೇ, ತರಬೇತಿ ಮುಗಿಸಿರುವ ತಾಯಂದಿರೇ, ತಂಗಿಯರೇ, ಮತ್ತು ಫ್ಯಾನಿನ ಕೆಳಗೆ ಜಾಗ ಹಿಡಿಯಲು ಬೇಗನೆ ಬಂದು ಕುಳಿತಿರುವ ಸಭಿಕರೇ,

ಇಂದು ಅಫಜಲಪುರದ ನಮ್ಮ ಮಹಿಳಾ ಹೊಲಿಗೆ ತರಬೇತಿ ಕೇಂದ್ರದ ವಾರ್ಷಿಕೋತ್ಸವ. ಕೇಂದ್ರದ ಗೌರವ ಕಾರ್ಯದರ್ಶಿಯಾದ ನಾನು, ಬಟ್ಟೆ ಅಂಗಡಿಯ ಶಿವರಾಯ, ಪ್ರಾಸ್ತಾವಿಕವಾಗಿ ಎರಡು ಮಾತು ಆಡಬೇಕೆಂದು ಅಪ್ಪಣೆಯಾಗಿದೆ. ಆಡುತ್ತೇನೆ. ಆದರೆ ಇವತ್ತು ಬೆಲ್ಲ ಹಚ್ಚಿದ ಮಾತು ನನ್ನಿಂದ ಬರಲಾರದು. ನನಗೆ ಸಿಟ್ಟು ಬಂದಿದೆ. ಯಾರ ಮೇಲೆ ಎಂದು ಕೇಳುತ್ತೀರಾ? ಈ ವೇದಿಕೆಯ ಮೇಲೆ, ಮೇಜಿನ ಮೇಲಿರುವ ಈ ಹಾರಗಳ ರಾಶಿಯ ಮೇಲೆ, ಮತ್ತು ನಾನೇ ಅಚ್ಚು ಹಾಕಿಸಿದ ಈ ಆಮಂತ್ರಣ ಪತ್ರಿಕೆಯ ಮೇಲೆ.

ಸ್ವಾಮಿ, ನಮ್ಮ ಕಡೆ ಒಂದು ನೌಕರಿ ಹುಡುಕುವುದಕ್ಕೆ ಏನೇನು ಬೇಕು? ಟೈಪು ಮಾಡಿಸಿದ ಬಯೋಡಾಟಾ ಬೇಕು. ಕಿವಿ ಎರಡೂ ಕಾಣುವ ಫೋಟೋ ಬೇಕು. ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿನ ಕಾರ್ಡು ಬೇಕು. ನಮ್ಮ ಮುಖವನ್ನೇ ಎಂದೂ ನೋಡದ ದೊಡ್ಡ ಅಧಿಕಾರಿಯೊಬ್ಬರು, ಇವನ ನಡತೆ ಒಳ್ಳೆಯದು ಎಂದು ಬರೆದುಕೊಡಬೇಕು. ಇಷ್ಟೆಲ್ಲ ಹೊತ್ತುಕೊಂಡು ಹೋದರೆ ಅಲ್ಲಿ ಕೇಳುವ ಪ್ರಶ್ನೆ ಒಂದೇ: "ನೀ ಯಾರ ಕಡಿಯಾಂವಲೇ?" ಕೆಲಸ ಬರುತ್ತದೆಯೇ ಎಂದು ಯಾರಾದರೂ ಕೇಳುತ್ತಾರೆಯೇ? ಮಾಡಿ ತೋರಿಸು ಎಂದು ಯಾರಾದರೂ ಹೇಳುತ್ತಾರೆಯೇ?

ಹೇಳಿದರು, ಮಹನೀಯರೇ. ಒಂದು ಸಲ ಹೇಳಿದರು. ಅತನೂರಿನ ನಮ್ಮ ಭಗವಂತ ಪುಣೆಯ ಒಂದು ಬಟ್ಟೆ ಕಂಪನಿಯಲ್ಲಿ ಸೂಪರ್‌ವೈಜರ್ ಆಗಿದ್ದಾನೆ. ಅಗೋ, ಬಾಗಿಲ ಹತ್ತಿರ ಚೀಲ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಾನೆ. ಎರಡು ತಿಂಗಳ ಹಿಂದೆ ನನ್ನ ಅಂಗಡಿಗೆ ಬಂದು ಹೇಳಿದ:

"ಕಾಕಾ, ನಮ್ಮ ಸಾಹೇಬ್ರು ಸರ್ಟಿಫಿಕೇಟ್ ನೋಡೋದಿಲ್ರಿ, ಕೈ ನೋಡ್ತಾರ. ಹೊಸಾ ಹುಡುಗ್ಯಾರಿಗಿ ಕಲಸಾಕ ಒಬ್ಬ ಟೀಚರ್ ಬೇಕಾಗ್ಯಾಳ. ಅಂಗಿಗಿ ಕಾಲರ್ ಕೂಡಸೋದು ಸುರುವಿನಿಂದ ಕಡೀತನಕ, ಕ್ಯಾಮೆರಾ ನಿಂದರಸಲಾರದಂಗ ವಿಡಿಯೋ ಮಾಡಿ ಕೊಡ್ರಿ. ಕೈನೂ ಕಾಣಬೇಕು, ಮಾರಿನೂ ಕಾಣಬೇಕು. ಕೆಲಸ ಚಂದ ಇದ್ರ ಕರಸ್ಕೋತಾರ. ಇರಾಕ ಖೋಲಿನೂ ಕೊಡ್ತಾರ."

ಈ ತೊಂಬತ್ನಾಲ್ಕನೇ ಇಸವಿಯಲ್ಲಿ ಕಾಲ ಎಷ್ಟು ಮುಂದೆ ಹೋಗಿದೆ ನೋಡಿ! ಮನುಷ್ಯ ಹೋಗುವುದು ಬೇಡ, ವಶೀಲಿ ಬೇಡ, ಕ್ಯಾಸೆಟ್ಟು ಹೋದರೆ ಸಾಕು. ಖುರ್ಷಿದ ಬೇಗಂ ಒಂದು ಕ್ಷಣವೂ ಯೋಚಿಸಲಿಲ್ಲ. ಶರಣಬಸಮ್ಮನ ಹೆಸರು ಹೇಳಿದರು.

ಶರಣಬಸಮ್ಮ ಯಾರೆಂದು ನಿಮಗೆಲ್ಲ ಗೊತ್ತು, ಅತಿಥಿಗಳಿಗೆ ಗೊತ್ತಿಲ್ಲ. ಗಂಡ ಬಿಟ್ಟುಹೋದ ಮೇಲೆ ಮಗಳನ್ನು ಕರೆದುಕೊಂಡು ಅಣ್ಣನ ಮನೆಯಲ್ಲಿದ್ದಾಳೆ. ಆ ಮನೆ ನನ್ನ ಅಂಗಡಿಯ ಹಿಂದೆಯೇ ಇದೆ. ಅತ್ತಿಗೆ ಆಕೆಯ ಮುಂದೆ ತಾಟು ಕುಕ್ಕುವ ಸಪ್ಪಳ ನನ್ನ ಗಲ್ಲಾಪೆಟ್ಟಿಗೆಯ ತನಕ ಕೇಳುತ್ತದೆ. ನೌಕರಿಯ ಸುದ್ದಿ ತಿಳಿಸಿದಾಗ ಆಕೆ ಹೇಳಿದ್ದು ಇಷ್ಟೇ: "ಅಣ್ಣಾರೀ, ನನಗ ಬಾಯಿ ಮಾಡಾಕ ಬರಂಗಿಲ್ರಿ. ಮಶೀನ್ ಮುಂದ ಕುಂಡ್ರಸ್ರಿ, ಮುಂದಿಂದು ನಾ ನೋಡ್ಕೋತೇನಿ."

ಮಶೀನಿನ ಮುಂದೆ ಕೂರಿಸುವುದು! ಇಷ್ಟೇ ಕೆಲಸ. ನಾವು ಏನು ಮಾಡಿದೆವು? ನಾವು ಸಭೆ ಕರೆದೆವು. ಬರೀ ಕ್ಯಾಮೆರಾ ತರಿಸಲು ಸಮಿತಿಯ ನಿಯಮದಲ್ಲಿ ಅವಕಾಶವಿಲ್ಲ. ಸಮಾರಂಭಕ್ಕಾದರೆ ತರಿಸಬಹುದು ಎಂದು ಅಧ್ಯಕ್ಷರು ಹೇಳಿದರು. ಸಮಾರಂಭವೆಂದ ಮೇಲೆ ಅತಿಥಿಗಳು ಬೇಡವೇ? ಅಫಜಲಪುರದವರನ್ನು ಕರೆದರೆ ಆಳಂದದವರು ಮುನಿಸಿಕೊಳ್ಳುತ್ತಾರೆ, ಆಳಂದದವರು ಬಂದರೆ ಜೇವರ್ಗಿಯವರೇನು ಪಾಪ ಮಾಡಿದ್ದಾರೆ? ಅತಿಥಿಗಳು ಬಂದ ಮೇಲೆ ಹಾರ ಬೇಡವೇ? ಹಾರ ಹಾಕಿಸಿಕೊಂಡವರು ಸುಮ್ಮನೆ ಕೂರುತ್ತಾರೆಯೇ?

ಹೀಗೆ ಹೋದ ತಿಂಗಳು ಇದೇ ಸಭಾಗೃಹದಲ್ಲಿ ಮೊದಲನೆಯ ಕ್ಯಾಸೆಟ್ಟು ತಯಾರಾಯಿತು. ನಮ್ಮ ಮುರ್ತುಜಾ ಮೂರು ತಾಲೂಕಿನ ಲಗ್ನಗಳ ವಿಡಿಯೋ ತೆಗೆಯುವವನು. ಅವನದೊಂದು ಪದ್ಧತಿ ಇದೆ. ಆಮೇಲೆ ಅವನೇ ಹೇಳಿದ: "ಮಾಲಕ್ರ, ಲಗ್ನದಾಗ ಮದುಮಗನ ಮಾರಿ ಜರಾ ಕಡಿಮಿ ಬಂದ್ರೂ ನಡೀತದ. ಹಿರೇರ ಮಾರಿ ಒಂದು ಬಿಟ್ಟುಹೋಯ್ತು ಅಂದ್ರ ನನ್ನ ಕಥಿ ಮುಗೀತು." ಆ ರೂಢಿಯಂತೆ ವೇದಿಕೆಯ ಮೇಲಿನ ಒಬ್ಬೊಬ್ಬರನ್ನೂ ತೆಗೆದ. ಹಾರ ಹಾಕುವಾಗ ತೆಗೆದ, ಕೈ ಮುಗಿಯುವಾಗ ತೆಗೆದ, ಮಿರ್ಚಿ ಭಜಿ ತಿನ್ನುವಾಗ ತೆಗೆದ. ಒಳ್ಳೆಯ ಮನಸ್ಸಿನಿಂದ ಮಿಕ್ಸಿಂಗನ್ನೂ ಮಾಡಿಸಿದ. ಕೆಂಪು ಹೃದಯದ ಆಕಾರ ಒಂದು ಮೂಡುತ್ತದೆ. ಅದರೊಳಗೆ ಈ ಕಡೆಯಿಂದ ನಾಗಣ್ಣನವರ ಮುಖ, ಆ ಕಡೆಯಿಂದ ಸೈದಪ್ಪನವರ ಮುಖ ಬಂದು ಸೇರುತ್ತವೆ. ನಗಬೇಡಿ. ಇದು ನಗುವ ವಿಷಯವಲ್ಲ.

ನಾನೂ ಮಾತಾಡಿದ್ದೆ, ಇಲ್ಲವೆನ್ನುವುದಿಲ್ಲ. ಆದರೆ ನನ್ನದು ಅವಶ್ಯಕ ವಿಷಯವಾಗಿತ್ತು. ಹತ್ತಿಯಿಂದ ನೂಲು, ನೂಲಿನಿಂದ ದಾರ ಹೇಗೆ ಬಂತು ಎಂದು ಆರಂಭದಿಂದ ಹೇಳದಿದ್ದರೆ ಹೊಲಿಗೆಯ ಮಹತ್ವ ತಿಳಿಯುವುದಾದರೂ ಹೇಗೆ? ಆ ಭಾಗ ಚೆನ್ನಾಗಿಯೂ ಬಂದಿದೆ. ನಮ್ಮ ಮನೆಯಲ್ಲಿ ಅದೊಂದನ್ನೇ ಮತ್ತೆ ಮತ್ತೆ ನೋಡಿದರು.

ವಂದನಾರ್ಪಣೆ ಮುಗಿದು ಶರಣಬಸಮ್ಮ ಮಶೀನಿಗೆ ಕುಳಿತು ದಾರ ಪೋಣಿಸುವ ಹೊತ್ತಿಗೆ ಕ್ಯಾಸೆಟ್ಟು ಮುಗಿದಿತ್ತು. ಕೊನೆಯ ತನಕ ನಮ್ಮಲ್ಲಿ ಯಾರೂ ನೋಡದೆ ಅದೇ ಕ್ಯಾಸೆಟ್ಟು ಪುಣೆಗೆ ಹೋಯಿತು. ಅಲ್ಲಿಂದ ಭಗವಂತ ಎಸ್‌ಟಿಡಿ ಬೂತಿಗೆ ಫೋನು ಮಾಡಿದ. "ಕಾಕಾ, ಸಾಹೇಬ್ರು ಕೇಳಾಕತ್ತಾರ, ಇದು ಯಾರ ಲಗ್ನ, ಮದುಮಗ ಯಾರು ಅಂತ. ಹೂವಿನ ತಾಟು ಹಿಡ್ಕೊಂಡು ನಿಂತಾಕೀನೇ ನಮ್ಮ ಶರಣಬಸಮ್ಮ ಅಂತ ತೋರಿಸಿದ್ನಿ. ಹಾರ ಕೊಡಾಕ ನಮಗ ಮಂದಿ ಬ್ಯಾಡ ಅಂದ್ರು."

ಹಾರ ಕೊಡಲಿಕ್ಕೆ ಜನ ಬೇಡವಂತೆ! ಕೇಳಿದಿರಾ? ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎಂಬ ಹಾಗೆ, ಕೊಡುತ್ತೇವೆಂದ ನೌಕರಿಗೆ ಅಡ್ಡ ನಿಂತವರು ನಾವು. ಈ ಹೂವಿನ ಹಾರಗಳು. ಈ ಶಾಲುಗಳು.

ಭಗವಂತ ಸಾಹೇಬರ ಕೈಕಾಲು ಹಿಡಿದು ಇನ್ನೊಂದು ಅವಕಾಶ ಕೇಳಿಕೊಂಡಿದ್ದಾನೆ. ನಾಳೆ ಅವರು ಆರಿಸಿಬಿಡುತ್ತಾರೆ. ಇವತ್ತು ಸಂಜೆಯ ಪುಣೆ ಬಸ್ಸಿಗೆ ಅವನ ಚೀಲದಲ್ಲಿ ಕ್ಯಾಸೆಟ್ಟು ಹೋಗಬೇಕು. ಹೋಗದಿದ್ದರೆ ಆ ಜಾಗ ಬೇರೆ ಯಾರದೋ, ಶರಣಬಸಮ್ಮನಿಗೆ ಮತ್ತೆ ಅದೇ ತಾಟಿನ ಸಪ್ಪಳ. ಇದೆಲ್ಲ ತಿಳಿದೂ ಇವತ್ತಿನ ಕಾರ್ಯಕ್ರಮ ನೋಡಿರಿ: ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ, ಸನ್ಮಾನ, ಮುಖ್ಯ ಅತಿಥಿಗಳ ನುಡಿ, ಅಧ್ಯಕ್ಷೀಯ ನುಡಿ, ವಂದನಾರ್ಪಣೆ. ಎಲ್ಲಕ್ಕೂ ಕೆಳಗೆ, ಸಣ್ಣ ಅಕ್ಷರದಲ್ಲಿ, "ಹೊಲಿಗೆ ಪ್ರಾತ್ಯಕ್ಷಿಕೆ". ನಾಚಿಕೆಯಾಗಬೇಕು ನಮಗೆ! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದರೆ ಇದೇ ಅಲ್ಲವೇ?

ಯಾರದು, ಮೂಲೆಯಲ್ಲಿ ಟಕಟಕ ಸಪ್ಪಳ? ದಯವಿಟ್ಟು ಶಾಂತತೆ ಇರಲಿ. ಮಾತಾಡುವವನಿಗೆ ಓಘ ತಪ್ಪುತ್ತದೆ.

ನಾನು ಇಷ್ಟು ಸಿಟ್ಟಾಗುವುದಕ್ಕೆ ಕಾರಣವಿದೆ. ಬಿ.ಕಾಂ. ಮುಗಿಸಿದ ವರ್ಷ, ಎಪ್ಪತ್ನಾಲ್ಕರಲ್ಲಿ, ಗುಲಬರ್ಗಾದ ಒಂದು ಕಚೇರಿಯಿಂದ ನನಗೂ ಸಂದರ್ಶನಕ್ಕೆ ಕರೆ ಬಂದಿತ್ತು. ಯಾವ ಕಚೇರಿ ಎಂದು ಹೇಳುವುದಿಲ್ಲ. ಅವ್ವ ರಾತ್ರಿಯೇ ರೊಟ್ಟಿ ಕಟ್ಟಿಟ್ಟಿದ್ದಳು. ಅಪ್ಪ ತನ್ನ ಅಂಗಡಿಯ ಒಳ್ಳೆಯ ಟೆರಿಕಾಟು ಹರಿದು ಪ್ಯಾಂಟು ಹೊಲಿಸಿದ್ದ. ಲೆಕ್ಕಪತ್ರದಲ್ಲಿ ನನ್ನನ್ನು ಮೀರಿಸುವವರು ಕಾಲೇಜಿನಲ್ಲಿ ಇರಲಿಲ್ಲ. ಅವರು ಏನೇ ಕೇಳಿದರೂ ಹೇಳುತ್ತಿದ್ದೆ.

ಕೇಳಲಿಲ್ಲ. ಅವತ್ತೇ ಆ ಕಚೇರಿಗೆ ದೊಡ್ಡ ಸಾಹೇಬರೊಬ್ಬರು ಬರುವವರಿದ್ದರು. ಖುರ್ಚಿ ಹಾಕುವವರು ಸಾಲದು, ನೀವು ಜರಾ ಕೈ ಹಚ್ಚಿರಿ ಎಂದರು. ಹಚ್ಚಿದೆ. ಸಾಹೇಬರು ಬಂದರು, ಹಾರ ಹಾಕಿದರು, ಭಾಷಣ ಮಾಡಿದರು. ನನ್ನ ಕೈಗೆ ಚಹಾದ ತಾಟು ಕೊಟ್ಟರು. ನಾನು ಒಬ್ಬೊಬ್ಬರ ಮುಂದೆ ಬಗ್ಗಿ ಹಿಡಿಯುತ್ತ ಹೋದೆ. ಕೊನೆಗೆ ಸಂದರ್ಶನ ಯಾವಾಗ್ರಿ ಎಂದು ಕೇಳಿದರೆ, ಒಬ್ಬ ಕಾರಕೂನ ಕಪ್ಪು ಕೆಳಗಿಡದೆ ಹೇಳಿದ: "ಅದು ಮುಗೀತಲ್ಲಪಾ, ಮುಂಜಾನೆನೇ ಮಂದೀನ ತಗೊಂಡಾಯ್ತು."

ಅಂದಿನಿಂದ ನಾನು ಮೀಟರಿನ ಕೋಲು ಹಿಡಿದವನು. ಇಪ್ಪತ್ತು ವರ್ಷದಲ್ಲಿ ನನಗೆ ಏನು ಬರುತ್ತದೆ ಎಂದು ಯಾರೂ ಕೇಳಲಿಲ್ಲ. ಅದಕ್ಕೇ ಇರಬೇಕು, ಎಲ್ಲಿ ಮೈಕು ಕಂಡರೂ ನಾನು ಎದ್ದು ನಿಲ್ಲುತ್ತೇನೆ. ಅದು ಇರಲಿ. ಆ ಮಾತು ಯಾಕೆ ಬಂತೋ!

ಮುರ್ತುಜಾ, ಈ ಮಾತನ್ನು ಸರಿಯಾಗಿ ತೆಗೆದುಕೊ, ಇದು ಮುಖ್ಯವಾದದ್ದು. ಪುಣೆಯವರೂ ಕೇಳಲಿ. ಮುರ್ತುಜಾ! ಎಲ್ಲಿದ್ದೀಯಪ್ಪಾ?

ಇದೇನಿದು? ಕ್ಯಾಮೆರಾದ ಬೆನ್ನು ನನ್ನ ಕಡೆಗಿದೆಯಲ್ಲ! ಇಷ್ಟು ಹೊತ್ತು ನಾನು ಗಂಟಲು ಹರಿದುಕೊಂಡಿದ್ದು ಯಾರಿಗೆ? ಸಭೆಗೆ ಒಂದು ಮರ್ಯಾದೆ ಬೇಡವೇ? ಕಾರ್ಯದರ್ಶಿ ಮಾತಾಡುತ್ತಿರುವಾಗ ನೀನು ಗೋಡೆಯನ್ನು ತೆಗೆಯುತ್ತೀಯಾ? ಏನು? ಸುಮ್ಮನಿರು ಅಂತ ನನಗೇ ಬೆರಳು ತೋರಿಸುತ್ತಾನೆ!

ಆ ಮೂಲೆಯಲ್ಲಿ...

ಓ.

ಸಭಿಕರೇ, ಅಲ್ಲಿ ಶರಣಬಸಮ್ಮ ಹೊಲಿಯಾಕತ್ತಾಳ.

ಮಶೀನ್ ಸಪ್ಪಳ ಆಕೀದೇ ಇತ್ತು. ನಾನೇ ಶಾಂತತೆ ಇರಲಿ ಅಂದ್ನಿ. ಆಕಿ ಕೇಳೇ ಇಲ್ಲ, ಪುಣ್ಯಾ ಬಂತು. ಕಾಲರ್ ಅರ್ಧ ಕೂಡಸ್ಯಾಳ. ಖುರ್ಷಿದ ಬೇಗಂ, ಇದು ನೀವು ಮಾಡಿದ ಕೆಲಸ ಅಲ್ರಿ? ಶಿವರಾಯ ಒಂದ್ಸಲ ಮೈಕ್ ಹಿಡಿದ್ರ ಬಿಡೋದಿಲ್ಲ, ಅಷ್ಟ್ರಾಗ ಕೆಲಸಾ ಮುಗಸೋಣು ಅಂತ ಹಂಚಿಕಿ ಹೂಡೀರಿ. ತಲಿ ಅಲ್ಲಾಡಸಾಕತ್ತಾರ ನೋಡ್ರಿ, ಹೌದಂತ! ಕೈ ಮಾಡಿ ಮುಂದ ನಡಸ್ರಿ ಅಂತನೂ ಹೇಳಾಕತ್ತಾರ.

ಸಿಟ್ಟು ಬರಬೇಕಿತ್ತು ನನಗೆ. ಬರುತ್ತಲೂ ಇದೆ. ಆದರೆ ಕಣ್ಣು ಯಾಕೋ...

ನಾಗಣ್ಣನವರೇ, ನನ್ನ ಧೋತರ ಜಗ್ಗಬೇಡ್ರಿ. ನಾನು ಕೂರುವುದಿಲ್ಲ. ನಾನು ಕುಳಿತ ಕೂಡಲೇ ಉದ್ಘಾಟನೆ ಎನ್ನುತ್ತೀರಿ, ಮುರ್ತುಜಾ ಇತ್ತ ಬಾ ಎನ್ನುತ್ತೀರಿ, ಕ್ಯಾಮೆರಾ ತಿರುಗಿತೆಂದರೆ ಆ ಕಾಲರು ಅಲ್ಲಿಗೇ ನಿಂತಿತು. ಸೈದಪ್ಪನವರೇ, ನೀವೂ ಏಳಬೇಡಿ, ನಿಮ್ಮ ಸರದಿ ಬಂದಿಲ್ಲ. ದಶರಥರಾಯರೇ, ದೊಡ್ಡವರು ನೀವು, ಕೈ ಮುಗಿಯುತ್ತೇನೆ, ಜರಾ ಕುಳಿತುಕೊಳ್ಳಿ. ನಾನು ಮಾತಾಡುತ್ತೇನೆ. ಏನಾದರೂ ಮಾತಾಡುತ್ತೇನೆ. ಹತ್ತಿ ಬೀಜದಿಂದ ಸುರು ಮಾಡಲೇ? ಬೇಕಾದರೆ ನನ್ನ ಅಂಗಡಿಯಲ್ಲಿರುವ ಬಟ್ಟೆಗಳ ಹೆಸರು ಒಂದೊಂದಾಗಿ ಹೇಳುತ್ತೇನೆ. ಪಾಪ್ಲಿನ್ ಇದೆ, ಮಲಮಲ್ ಇದೆ, ಮಾಂಜರಪಾಟ ಇದೆ, ಇಳಕಲ್ ಸೀರೆ ಇದೆ, ಗುಬ್ಬಿ ಕಣ್ಣಿನ ಖಣ ಇದೆ, ಹಾಸಿಗೆಗೆ ಹಾಕುವ ಪಟ್ಟಾಪಟ್ಟಿ ಇದೆ, ಶಾಲೆಯ ಮಕ್ಕಳ ಖಾಕಿ ಇದೆ...

ಅವಸರ ಮಾಡಬ್ಯಾಡವ್ವಾ ಶರಣಬಸಮ್ಮಾ. ತುದಿ ತಿರುವು ಚಂದಂಗ. ನಾ ಇಲ್ಲೇ ನಿಂತೇನಿ. ನನ್ನ ದಾಟಿ ಯಾವ ಹಾರನೂ ನಿನ್ನ ಕಡಿ ಬರಂಗಿಲ್ಲ.

ಹಾಂ. ದಾರ ಕತ್ತರಿಸಿದಳು. ಅಂಗಿ ಕೊಡವಿದಳು. ಎತ್ತಿ ಹಿಡಿ ತಾಯಿ, ಇನ್ನಷ್ಟು ಮೇಲಕ್ಕೆ ಹಿಡಿ. ಮುರ್ತುಜಾ, ಕಾಲರಿನ ತುದಿ ಎರಡೂ ತಗೊ. ಈಗ ಮಾರಿ ತಗೊ. ಸೆರಗು ಮುಂದ ಎಳ್ಕೋಬ್ಯಾಡ ಬೇ, ಮಾರಿ ಕಾಣಲಿ. ಭಗವಂತ ಎದ್ದು ನಿಂತ, ಬಸ್ಸಿನ ವೇಳೆಯಾಯಿತು.

ಇದಕ್ಕೆ ಸಹಕರಿಸಿದ ಖುರ್ಷಿದ ಬೇಗಂ ಅವರಿಗೆ, ಮುರ್ತುಜಾನಿಗೆ, ಸಿಟ್ಟಿನಿಂದಲಾದರೂ ಕುಳಿತಿದ್ದ ಅತಿಥಿಗಳಿಗೆ ನನ್ನ ವಂದನೆಗಳು. ಇನ್ನು ಉದ್ಘಾಟನೆ ಮಾಡಿರಿ, ಹಾರ ಹಾಕಿರಿ, ಬೇಕಾದಷ್ಟು ಮಾತಾಡಿರಿ. ಮುರ್ತುಜಾ, ಕ್ಯಾಮೆರಾ ಇನ್ನೂ ನಡೆದದ ಏನು? ಒಂದೇ ಮಾತು ಉಳಿದದ, ಆಮ್ಯಾಲ ಬಂದ್ ಮಾಡು. ನನ್ನ ಕಡಿ ತಿರುಗಸಬ್ಯಾಡ, ಆಕೀ ಮ್ಯಾಲೇ ಇರಲಿ.

ಪುಣೆಯ ಸಾಹೇಬರೇ, ನನ್ನ ಮಾತು ನಿಮಗ ತಿಳಿಯೋದಿಲ್ಲ, ಭಗವಂತ ಮರಾಠಿಯೊಳಗ ತಿಳಿಸಿ ಹೇಳ್ತಾನ. ಈ ಕ್ಯಾಸೆಟ್ಟಿನಾಗ ಕೇಳಸೋ ಗದ್ದಲ ನಂದು. ಹೊಲಿಗಿ ಶರಣಬಸಮ್ಮಂದು. ನಮಸ್ಕಾರ.