ರಾಜಗಿರಿ ಅಂತ ಹರಕೊಂಡ ಬಂದ ತಪ್ಪಲ

...ಹಸಿವಿ ಅಂದ್ರ ಸುಳ್ಳಾಗತೈತಿ, ರೊಟ್ಟಿ ಇತ್ತು, ಪಲ್ಯಾ ಇರಲಿಲ್ಲ. ಲಾಕ್‌ಡೌನ್ ಹಂಗ ಇತ್ತ ನೋಡ್ರಿ, ಸಂತಿ ಬಂದ್, ವಡಗಾವಿಯೊಳಗ ನಮ್ಮ ಮಗ್ಗ ಬಂದ್. ಈ ನನ್ನ ಮೊಮ್ಮಗಳು ಸವಿತಾ ಆಗ ಮೂರು ವರ್ಷದಾಕಿ. ಆಕಿನ ಕರಕೊಂಡು ನಾಕ ದಿನ ಅಂತ ಖಾನಾಪುರ ಕಡೆ ಬೀಡಿ ಅನ್ನೂ ಹಳ್ಳಿಗೆ, ನಮ್ಮ ಅಕ್ಕನ ಮನಿಗೆ ಹೋದಾಕಿ, ದಾರಿ ಬಂದ್ ಆಗಿ ಅಲ್ಲೇ ಉಳಿದ್ನಿ. ಮೊದಲ ಮಳಿ ಬಿತ್ತು, ಅಯ್ಯ, ಏನ್ ಹಸರು ಅಂತೀರಿ! ತಿಪ್ಪಿ ಬಾಜು ರಾಜಗಿರಿ ಸೊಪ್ಪು ಕಂಡ್ನಿ. ಅಂದ್ರ, ರಾಜಗಿರಿ ಅಂತ ತಿಳಕೊಂಡ್ನಿ. ನನಗ ನೂಲಿನ ಗುರ್ತ ಐತಿ, ಗಿಡದ ಗುರ್ತ ಎಲ್ಲಿದು? ಉಡಿತುಂಬ ಹರಕೊಂಡ ಬಂದ್ನಿ. ಅಕ್ಕಗ ತೋರಿಸಲಿಲ್ಲ. ಆಕಿ ಹೊಲಕ್ಕ ಹೋಗಿದ್ಲು ಅಂತ ಮುಂದ ಎಲ್ಲಾರಿಗೂ ಹೇಳಿದ್ನಿ. ಖರೇ ಹೇಳ್ಲಿ? ಹಿತ್ತಲದಾಗ ಎಮ್ಮಿ ಮೈ ತೊಳ್ಯಾಕತ್ತಿದ್ಲು. ಎಷ್ಟು ದಿನ ಆಕಿ ಕೈಯಾಂದು ಉಣ್ಣೂದು, ಒಂದ ದಿನಾರೆ ನನ್ನ ಕೈಲೆ ಆಗ್ಲಿ ಅನ್ನೂ ಹಟ.

ಸೋಮವಾರ, ಅಕ್ಕಗ ಉಪಾಸ. ಪಲ್ಯಾ ಮಾಡಿ ಸವಿತಾಗ ಮೊದಲ ತುತ್ತು ಇಟ್ನಿ. "ಥೂ, ಕಹಿ ಐತಿ, ಆಯಿ!" ಅಂತ ಉಗುಳಿದ್ಲು. "ಉಣ್ಣೂದಕ್ಕ ಥೂ ಅಂತಾರೇನ?" ಅಂತ ಬೈದು, ಪೂರಾ ನಾನಽ ಉಂಡ್ನಿ. ಆಮ್ಯಾಲ... ಹೆಂಗ ಹೇಳ್ಲಿ, ಬಾಯಿ ಒಣಗಿತು, ಗ್ವಾಡಿ ಮೆಲ್ಲಕ ಉಸರಾಡಿಧಂಗ ಆತು. ಮಧ್ಯಾಹ್ನದ ಬಿಸಲು ಎಳಿ ಎಳಿಯಾಗಿ ಇಳದು ಬಂತು, ಬಂಗಾರದ ಎಳಿ, ನಾ ಕೈ ಚಾಚಿ ನೇಯಾಕ ಹತ್ತಿದ್ನಿ. ಸತ್ತ ನಮ್ಮವ್ವ ಬಾಜು ಕುಂತು, "ಅಂಚು ಸೊಟ್ಟ ಆತು, ನೋಡ ಮಗಳ" ಅಂದ್ಲು. ಅಂಜಿಕಿ ಇರಲಿಲ್ಲ, ಚಂದ ಇತ್ತು. ಅದಽ ಅಂಜೂ ಮಾತು.

"ಯಾರ ಕೂಡ ಮಾತಾಡಾಕತ್ತಿ?" ಅಕ್ಕ ಬಂದಿದ್ಲು.

"ಅವ್ವನ ಕೂಡ."

ಆಕಿ ನನ್ನ ಕಣ್ಣು ನೋಡಿದ್ಲು, ಕರೀ ಗುಡ್ಡಿ ಅಗಲ ಆಗಿತ್ತಂತ. ಒಲಿ ಮುಂದಿನ ದಂಟು ಎತ್ತಿ ಮೂಸಿ ಚೀರಿದ್ಲು, "ಅಯ್ಯ, ಮದಗುಣಕಿ ಇದು, ದತ್ತೂರಿ, ವಿಷಾ! ಕೂಸಿಗೆ ತಿನಿಸೀಯೇನ? ಹೇಳಽ!" ಕೇಳಸಾಕತ್ತಿತ್ತು, ಭಾಳ ದೂರದಿಂದ. ಹೇಳಾಕ ನಾಲಿಗಿ ಏಳಲಿಲ್ಲ.

ಇಬ್ಬರನೂ ಟೆಂಪೋದಾಗ ಹಾಕ್ಕೊಂಡು ಖಾನಾಪುರ ದವಾಖಾನಿಗೆ ಓಡಿದ್ಲು, ಆ ದಂಟು ಚೀಲದಾಗ ಇಟ್ಕೊಂಡು. ಡಾಕ್ಟರು ಅದನ್ನ ನೋಡಿ, "ಇದನ್ನ ತಂದಿದ್ದು ಭಾಳ ಚಲೋ ಆತ್ರಿ" ಅಂದ್ರಂತ. ಸವಿತಾಗ ಏನೂ ಆಗಿರಲಿಲ್ಲ. ನನಗ ಮೂರನೇ ದಿನ ಮಂಜು ಹರೀತು. ಅಕ್ಕ ಬೈಲಿಲ್ಲ. "ಗಿಡ ಎಳೇದಿದ್ದಾಗ ನನಗೂ ಒಮ್ಮೊಮ್ಮಿ ಗುರ್ತ ಹತ್ತೂದಿಲ್ಲ ತಂಗಿ, ಅನುಮಾನ ಬಂತಂದ್ರ ಬಿಟ್ಟು ಬರ್ತೀನಿ" ಅಂದ್ಲು.

ಗೊತ್ತಿದ್ದವರನ್ನ ಕೇಳಾಕ ನಾಚಬ್ಯಾಡ್ರೆಪಾ. ಗುರ್ತಿಲ್ಲದ ಎಲಿ ಮನಿಯೊಳಗ ತರಬ್ಯಾಡ್ರಿ, ಒಣಾ ರೊಟ್ಟಿ ತಿಂದು ಯಾರೂ ಸಾಯೂದಿಲ್ಲ. ಏಳ್ರಿ, ಕೈ ತೊಳಕೋರ್ರಿ.