ನೀರಿನ ಮನೆ ಯಾರ ಬಾಗಿಲಿಗೆ

ಅಯ್ಯೋ, ಏಳಬೇಡಿ ಖಾಂದಕ್ಕ, ಚಹಾ ನಾನೇ ಬಗ್ಗಿಸ್ಕೋತೀನಿ! ಆ ಕೈಗೆ ಕಟ್ಟು ಹಾಕಿ ಇನ್ನೂ ಮೂರು ದಿನ ಆಗಿಲ್ಲ... ನೀರಿನ ಗಾಡಿ ಸಮೇತ ಜಾರಿದ್ರಂತೆ. ಈ ಉಲಾನ್‌ಬಾತರ್ ಚಳೀಲಿ, ಮಂಜುಗಡ್ಡೆ ತುಳ್ಕೊಂಡು, ಅರವತ್ತೆಂಟು ವರ್ಷದ ಹೆಂಗಸು ಈ ದಿಬ್ಬ ಹತ್ತೋದು ಅಂದ್ರೆ! ಕೇಳಿ ನಂಗೆ ಕರುಳು ಕಿತ್ತು ಬಂತು.

ಯಾಕೆ ಹಾಗೆ ನೋಡ್ತೀರಿ? ನಿಜವಾಗ್ಲೂ.

ತಗೊಳ್ಳಿ, ಒಣಮೊಸರಿನ ಗಟ್ಟಿ ತಂದಿದೀನಿ. ಬೇಡ್ವಾ? ಇರಲಿ, ಇಲ್ಲೇ ಇಟ್ಟಿರ್ತೀನಿ.

ಒಂದು ಸಣ್ಣ ಕೆಲಸ ಇತ್ತು... ನಮ್ಮ ನೀರಿನ ಯೋಜನೆ ನಡೆಸೋ ಹೊರದೇಶದೋರು ನಾಳೆ ಬರ್ತಾರೆ. ಸಭೆಗೆ ಎಲ್ಲರನ್ನೂ ಕರೆದ್ರಾ, ಎಲ್ಲರ ಮಾತೂ ಕೇಳಿದ್ರಾ ಅಂತ ವಿಚಾರಿಸ್ತಾರೆ. 'ಸಭೆ ಯಾವ ದಿನ ಅಂತ ನನಗೆ ಮೊದಲೇ ತಿಳಿಸಿದ್ರು' ಅಂತ ಈ ಕಾಗದದಲ್ಲಿದೆ. ಬಲಗೈ ಆಗದಿದ್ರೆ ಎಡಗೈ ಹೆಬ್ಬೆಟ್ಟು ಸಾಕು.

ನಗ್ತಿದೀರಾ? ಯಾಕಕ್ಕ ನಗು? ಹೌದು, ಈ ಉಯಂಗಾನೇ ಅಲ್ವಾ ಗೆರ್ ಗುಡಾರ ಒಂದೊಂದಕ್ಕೂ ನುಗ್ಗಿ 'ನೀರು ಭಿಕ್ಷೆ ಅಲ್ಲ, ನಿಮ್ಮ ಹಕ್ಕು' ಅಂತ ಗಂಟಲು ಹರ್ಕೊಂಡಿದ್ದು! 'ಹೆಚ್ಚು ಕಷ್ಟದಲ್ಲಿರೋರಿಗೆ ಮೊದಲು' ಅಂತ ಬೋರ್ಡು ಬರೆಸಿದ್ದೂ ನಾನೇ. ಎಲ್ಲರೂ ಕ್ಯಾನು ತುಂಬಿಸ್ಕೊಳ್ಳೋ ಆ ನೀರಿನ ಮನೇನ ದಿಬ್ಬದ ಮೇಲೆ, ನಿಮ್ಮ ಬೇಲಿ ಪಕ್ಕದಲ್ಲೇ ಕಟ್ಟೋದು ಅಂತ ಗುರುತೂ ಹಾಕಿದ್ವಿ. ಆದ್ರೆ ಸಭೇಲಿ ಕೆಳಗಿನ ಕೇರಿಗೇ ಅಂತ ಕೈ ಎತ್ತಿಬಿಟ್ರು, ನಾನೇನ್ ಮಾಡ್ಲಿ? ದಿಬ್ಬದೋರು ಒಬ್ಬರೂ ಬರಲಿಲ್ಲ. ಅವರಿಗೆಲ್ಲ ಸುದ್ದಿ ಮುಟ್ಟಿಸೋರು ನೀವು. ತಪ್ಪು ನಿಮ್ಮದೇ... ಅಲ್ಲ, ತಪ್ಪು ಅಂತಲ್ಲ...

ಹೌದಕ್ಕ, ನಮ್ಮ ಮನೇನೂ ಕೆಳಗಿನ ಕೇರೀಲೇ. ಮುಚ್ಚಿಟ್ಟಿದೀನಾ? ನೀರಿನ ಮನೆ ಈಗ ಅಮ್ಮನ ಬಾಗಿಲಿಂದ ಹತ್ತು ಹೆಜ್ಜೆ. ಅಮ್ಮಂಗೂ ಮಂಡಿನೋವು... ಅದಕ್ಕೂ ಇದಕ್ಕೂ ಏನ್ ಸಂಬಂಧ!

ಏನಾದ್ರೂ ಅನ್ನಿ. ಬೈಯಿರಿ. ಸುಮ್ನೆ ನನ್ನ ಮುಖಾನೇ ನೋಡಬೇಡಿ ಖಾಂದಕ್ಕ, ತಡೆಯೋಕಾಗಲ್ಲ...

ಸಭೆ ಬುಧವಾರ ಅಂತ ಗೊತ್ತಿತ್ತು ನಂಗೆ. ಚೆನ್ನಾಗೇ ಗೊತ್ತಿತ್ತು. ಇದೇ ಮಣೆ ಮೇಲೆ ಕೂತು, ನೀವು ಕೊಟ್ಟ ಉಪ್ಪು ಚಹಾ ಕುಡಿದು, ಗುರುವಾರ ಅಂದೆ. ನೀವು ಬಂದು ಬಾಯಿ ಬಿಟ್ಟಿದ್ರೆ ಯಾರೂ ಎದುರಾಡ್ತಿರಲಿಲ್ಲ, ನೀರಿನ ಮನೆ ಈ ದಿಬ್ಬದಲ್ಲೇ ಆಗ್ತಿತ್ತು. ಗುರುವಾರ ನೀವೆಲ್ಲ ಇಳಿದು ಬಂದು ಬೀಗ ಹಾಕಿದ ಸಭಾಮನೆ ಮುಂದೆ ನಿಂತಿದ್ರಲ್ಲ, ನಮ್ಮ ಮನೆ ಕಿಟಕಿ ಪರದೆ ಸರಿಸಿ ನೋಡ್ದೆ. ಹೊರಗೆ ಬರಲಿಲ್ಲ. ಥೂ... ನಾಚಿಕೆ ಆಗುತ್ತಕ್ಕ, ಈ ಬಾಯಲ್ಲಿ ಹಕ್ಕು ಅನ್ನೋಕೆ ನಾಚಿಕೆ ಆಗುತ್ತೆ.

ನಿಮಗೆ ಅವತ್ತೇ ಗೊತ್ತಾಗಿತ್ತು, ಅಲ್ವಾ? ಮತ್ತೆ ದಿಬ್ಬದೋರಿಗ್ಯಾಕೆ ಹೇಳಲಿಲ್ಲ? 'ನಾನೇ ದಿನ ಮರೆತೆ, ವಯಸ್ಸಾಯ್ತು' ಅಂದ್ರಂತೆ. ಅವರ ಬೈಗುಳ ಎಲ್ಲ ನೀವೇ ತಿಂದ್ರಂತೆ...

ಅಕ್ಕ, ಆ ಮಸಿ ಡಬ್ಬಿ ಯಾಕೆ ಎಳ್ಕೋತಿದೀರಿ? ಬೇಡ. ಕಾಗದ ಬಿಡಿ. ಖಾಂದಕ್ಕ... ದಮ್ಮಯ್ಯ, ಹೆಬ್ಬೆಟ್ಟು ಒತ್ತಬೇಡಿ!