ಕೆಂಪು ಗುರುತಿನ ರೆಕ್ಕೆ

ಮಾಸ್ತಿಕಟ್ಟೆಗೆ ಕೊನೆಯ ಬಸ್ಸು ಬಂದಾಗ ರಾತ್ರಿ ಹತ್ತೂಕಾಲು. ಇಳಿದವನು ಒಬ್ಬನೇ. ನಮ್ಮ ಕನ್ನಪ್ಪ, ನನ್ನ ಚಿಕ್ಕಮ್ಮನ ಮಗ. ಎಂಬತ್ತನಾಲ್ಕನೇ ಇಸವಿ. ಅಣೆಕಟ್ಟಿನ ಕೆಲಸದ ಕಾಲ; ಕರೆಂಟಿನ ಲೈನನ್ನು ಯಾವ ಗುಡ್ಡದ ಮೇಲೆ ಎಳೆಯುವುದೆಂದು ನೋಡಲು ಒಂದು ಗುತ್ತಿಗೆ ಕಂಪನಿ ಪುಟ್ಟ ಹೆಲಿಕಾಪ್ಟರ್ ತಂದಿಟ್ಟಿತ್ತು. ಕನ್ನಪ್ಪ ಅದರ ಪೈಲಟ್. ಬೆಳಿಗ್ಗೆ ಏಳಕ್ಕೆ ಇಬ್ಬರು ಸರ್ವೆಯವರನ್ನು ಕೂರಿಸಿಕೊಂಡು ಕಣಿವೆ ದಾಟಬೇಕಿತ್ತು.

ಬಸ್ಸು ಇಳಿದರೆ ಕ್ಯಾಂಪಿಗೆ ಒಂದು ಮೈಲಿ ನಡಿಗೆ. ದಾರಿಯಲ್ಲೊಂದು ಆಲದ ಮರ, ಅದರ ಬುಡದಲ್ಲಿ ಹಳೇ ಬಾವಿ.

ನಗಬೇಡಿ. ನಾನೂ ನಕ್ಕಿದ್ದೆ. ನೈರೋಬಿ, ಕಠ್ಮಂಡು ಅಂತ ತಿರುಗಿ, ಯಾರೂ ಮಲಗದ ಕೋಣೆಗಳಲ್ಲಿ ಒಬ್ಬಳೇ ಮಲಗಿ ಎದ್ದವಳು ನಾನು. ಹೋದಲ್ಲೆಲ್ಲ ಒಂದು ಮರ ತೋರಿಸಿ ಹೆದರಿಸಿದ್ದಾರೆ. ಆದರೆ ಕನ್ನಪ್ಪ ಕತೆ ಕಟ್ಟುವವನಲ್ಲ. ಅವನಿಗೆ ಬಸ್ಸು ತಪ್ಪಿದ್ದಕ್ಕೆ ಒಂದು ನೆಪ ಹೇಳಲೂ ಬರುತ್ತಿರಲಿಲ್ಲ.

ಬಾವಿ ದಾಟಿ ನಾಲ್ಕು ಹೆಜ್ಜೆ ಇಟ್ಟಿರಬೇಕು...

ಟಿಣ್. ಟಿಣ್. ಟಿಣ್... ಟೊಪ್.

ನಾಣ್ಯದಿಂದ ಬಡಿದ ಸದ್ದು. ಮೂರು ಸಲ ಗಟ್ಟಿ. ನಾಲ್ಕನೆಯದು ಟೊಳ್ಳು.

ಕನ್ನಪ್ಪನ ಕಾಲು ಅಲ್ಲೇ ನಿಂತಿತು. ಅದು ಜಟ್ಟಿಂಗಪ್ಪನ ಸದ್ದು.

ಜಟ್ಟಿಂಗಪ್ಪ ಹೊಸನಗರದ ಕಡೆಯವನು, ಆ ಹೆಲಿಕಾಪ್ಟರಿನ ಮೆಕ್ಯಾನಿಕ್. ಅದರ ತಲೆಯ ಮೇಲೆ ತಿರುಗುವುದು ಎರಡೇ ರೆಕ್ಕೆ. ಒಂದಕ್ಕೆ ಕೆಂಪು ಗುರುತು, ಇನ್ನೊಂದಕ್ಕೆ ಬಿಳಿ. ತಗಡನ್ನು ಅಂಟು ಹಾಕಿ ಕೂರಿಸಿದ ರೆಕ್ಕೆಗಳು. ಒಳಗೆ ಅಂಟು ಬಿಟ್ಟರೆ ಹೊರಗೆ ಕಾಣುವುದಿಲ್ಲ. ಅದಕ್ಕೇ ಅವನು ದಿನಾ ಸಂಜೆ ಸ್ಟೂಲ್ ಹತ್ತಿ, ಹಳೇ ತಾಮ್ರದ ಕಾಸು ಹಿಡಿದು, ಬುಡದಿಂದ ತುದಿಯವರೆಗೆ ಬಡಿಯುತ್ತ ಬರುತ್ತಿದ್ದ. "ಹಲಸಿನಕಾಯಿ ಬಡಿದು ನೋಡಲ್ವಾ ಸಾರ್, ಇದೂ ಹಂಗೇ. ಕಣ್ಣಿಗೆ ಏನೂ ಗೊತ್ತಾಗಲ್ಲ. ಕಿವಿ ಹೇಳ್ತದೆ."

ಎರಡು ತಿಂಗಳ ಹಿಂದೆ ಜಟ್ಟಿಂಗಪ್ಪ ಜ್ವರ ಬಂದು ಸತ್ತಿದ್ದ. ಹೆಂಡತಿ ಹುಲಿಯಮ್ಮ ಆ ಕಾಸನ್ನು ಅವನ ಬಲಗೈ ಮುಷ್ಟಿಯೊಳಗಿಟ್ಟೇ ಮಣ್ಣು ಮಾಡಿಸಿದ್ದಳು. ಕನ್ನಪ್ಪ ಹೆಗಲು ಕೊಟ್ಟಿದ್ದ. ಆಮೇಲೆ ಬಂದ ಮೆಕ್ಯಾನಿಕ್ ಅಂಜನಪ್ಪ ಟಾರ್ಚ್ ಬಿಟ್ಟು ನೋಡಿ ಪುಸ್ತಕಕ್ಕೆ ಸಹಿ ಹಾಕುತ್ತಿದ್ದ. ಬಡಿದು ನೋಡುತ್ತಿರಲಿಲ್ಲ.

ಇಷ್ಟೇ ಆಗಿದ್ದರೆ ಭ್ರಮೆ ಅನ್ನಬಹುದಿತ್ತು. ಆದರೆ ನಾಲ್ಕು ದಿನದ ಹಿಂದೆಯೂ ಅವನು ಅದೇ ಸದ್ದು ಕೇಳಿದ್ದ. ಸಾವಿರ ಮೈಲಿ ದೂರದಲ್ಲಿ, ಮಟಮಟ ಮಧ್ಯಾಹ್ನ.

ಪೈಲಟ್‌ಗಳು ಆಗಾಗ ತರಬೇತಿ ಕೇಂದ್ರಕ್ಕೆ ಹೋಗಿ ಸಿಮ್ಯುಲೇಟರಿನಲ್ಲಿ ಕೂರಬೇಕು. ನೆಲ ಬಿಡದ ಹೆಲಿಕಾಪ್ಟರ್ ಅದು. ಕತ್ತಲೆ ಕೋಣೆಯಲ್ಲೊಂದು ಡಬ್ಬಿ, ಎದುರಿಗೆ ಪರದೆ, ಪಕ್ಕದ ಕೋಣೆಯಲ್ಲಿ ಬೀರುವಿನಷ್ಟು ದೊಡ್ಡ ಕಂಪ್ಯೂಟರ್. ಸತ್ತರೂ ಹೊರಗೆ ಬಂದು ಚಹಾ ಕುಡಿಯಬಹುದು. ಅಲ್ಲಿ ರೆಕ್ಕೆ ಮುರಿಯಲು ಮೂರೇ ಕಾರಣ. ಧುಮುಕುವಾಗ ಅದರ ವೇಗ ಮಿತಿ ಮೀರಬೇಕು. ಇಲ್ಲವೇ ವೇಗ ತೀರಾ ಇಳಿದು ಗಾಳಿಗೆ ಸಿಕ್ಕ ಕೊಡೆಯ ಹಾಗೆ ಮೇಲಕ್ಕೆ ಮಡಚಿಕೊಳ್ಳಬೇಕು. ಇಲ್ಲವೇ ಪೈಲಟ್ ಹೆಲಿಕಾಪ್ಟರಿನ ಮೂತಿಯನ್ನು ಧಡಕ್ಕನೆ ಕೆಳಗೊತ್ತಿ, ರೆಕ್ಕೆ ನಡುಗಂಬಕ್ಕೆ ಬಡಿಯಬೇಕು. ಮೂರೂ ಪೈಲಟನ ಕೈತಪ್ಪು. ಅಂಟು ಬಿಡುವ ಸಂಗತಿ ಆ ಕಂಪ್ಯೂಟರಿಗೆ ಗೊತ್ತೇ ಇಲ್ಲ; ಅದರೊಳಗೆ ರೆಕ್ಕೆ ಯಾವತ್ತೂ ಹೊಸದು.

ಅವತ್ತು ಕನ್ನಪ್ಪ ನೆಟ್ಟಗೆ, ನಿಧಾನವಾಗಿ ಹಾರಿಸುತ್ತಿದ್ದ. ಹನ್ನೊಂದನೇ ನಿಮಿಷ. ಕಿವಿಗೆ ಹಾಕಿದ್ದ ಹೆಡ್‌ಫೋನಿನಲ್ಲಿ... ಟಿಣ್, ಟಿಣ್, ಟಿಣ್, ಟೊಪ್. ಮರುಕ್ಷಣ ಫಟ್ಟೆಂದು ರೆಕ್ಕೆ ಮುರಿದು ಪರದೆ ಕಪ್ಪಾಯಿತು. ಮತ್ತೆ ಹಾರಿಸಿದ. ಹನ್ನೊಂದನೇ ನಿಮಿಷ. ಟೊಪ್. ಫಟ್. ಮೂರನೇ ಸಲವೂ ಅದೇ.

"ಏನು ಮಾಡಿದೆ?" ಅಂದ ಕಲಿಸುವವನು.

"ಏನೂ ಮಾಡಿಲ್ಲ."

"ಏನೋ ಮಾಡಿರ್ತೀಯ. ಇದು ಸುಮ್ಮಸುಮ್ಮನೆ ಮುರಿಯಲ್ಲ."

ಕಂಪ್ಯೂಟರು ಅಚ್ಚು ಮಾಡಿ ಕೊಟ್ಟ ಹಾಳೆ ನೋಡಿದರೆ, ಮೂರು ಸಾಲಿನಲ್ಲೂ ಕಾರಣದ ಜಾಗ ಖಾಲಿ. ಬಿಳೀ ಕಾಗದ. ಇಬ್ಬರೂ ನೋಡಿದರು. ಕಲಿಸುವವನು ತಲೆ ಕೆರೆದುಕೊಂಡು ಹಾಳೆಯನ್ನು ಕನ್ನಪ್ಪನ ಜೇಬಿಗೇ ತುರುಕಿದ. "ಇಟ್ಕೋ. ನಡಿ, ಊಟಕ್ಕೆ ಹೋಗೋಣ."

ಈಗ ಬಾವಿಯ ಹತ್ತಿರ, ಅದೇ ಸದ್ದು.

"ಯಾರದು?"

"ಕೆಂಪಿಂದು ಸಾರ್..."

ಗಂಟಲಲ್ಲಿ ಮಣ್ಣು ಸಿಕ್ಕಿಕೊಂಡ ಹಾಗಿನ ದನಿ.

"ಜಟ್ಟಿಂಗಪ್ಪಾ?"

"ಬುಡದಿಂದ ಮೂರು ಮೊಳ... ಅಲ್ಲಿ ಟೊಳ್ಳು... ಯಾರೂ ಬಡಿದು ನೋಡ್ತಿಲ್ಲಲ್ಲ ಸಾರ್..."

ಟೊಪ್.

ಕನ್ನಪ್ಪ ಹಿಂದೆ ತಿರುಗಲಿಲ್ಲ. ಓಡಿದ. ಒಂದು ಕಾಲಿನ ಚಪ್ಪಲಿ ಅಲ್ಲೇ ಉಳಿಯಿತು.

ಬೆಳಿಗ್ಗೆ ಆರೂವರೆಗೆ ಅಂಜನಪ್ಪನಿಗೆ ಹೇಳಿದ, ರೆಕ್ಕೆ ಬಡಿದು ನೋಡು ಅಂತ. ರಾತ್ರಿಯ ಮಾತು ಬಾಯಿ ಬಿಡಲಿಲ್ಲ. ಅಂಜನಪ್ಪ ನಕ್ಕ. "ಬಡಿದು ನೋಡೋಕೆ ಅದೇನು ತೆಂಗಿನಕಾಯಾ ಸಾರ್? ನಿನ್ನೆ ತೊಳೆದು, ನೋಡಿ, ಸಹಿ ಹಾಕಿದೀನಿ. ಹೆದರಿಕೆ ಆದ್ರೆ ರಜಾ ಬರೀರಿ."

ಕನ್ನಪ್ಪ ತಾನೇ ಸ್ಟೂಲ್ ಹತ್ತಿ ನಾಲ್ಕಾಣೆಯಿಂದ ಬಡಿದ. ಎಲ್ಲಾ ಕಡೆ ಒಂದೇ ಸದ್ದು. ಇಂಜಿನ್ನಿನ ಪಕ್ಕ ಕೂತು ಕೂತು ಅವನ ಕಿವಿ ಮೊಂಡಾಗಿತ್ತು. ಸರ್ವೆಯವರಿಬ್ಬರು ಆಗಲೇ ಒಳಗೆ ಕೂತು ಬೆಲ್ಟ್ ಬಿಗಿದು ಗಡಿಯಾರ ನೋಡುತ್ತಿದ್ದರು. ಹಾರದಿದ್ದರೆ ಕೆಲಸ ಹೋಗುತ್ತದೆ. ಹಾರಿದರೆ... ಹನ್ನೊಂದನೇ ನಿಮಿಷಕ್ಕೆ ಕಣಿವೆಯ ನಟ್ಟನಡುವೆ.

ಕ್ಯಾಂಪಿನ ಅಡುಗೆಮನೆಗೆ ಓಡಿದ. ಹುಲಿಯಮ್ಮ ಅಲ್ಲಿ ತರಕಾರಿ ಹೆಚ್ಚುತ್ತಿದ್ದಳು.

"ಹುಲಿಯಮ್ಮಾ, ಹಲಸಿನಕಾಯಿ ಬಡಿದು ನೋಡೋದು ಜಟ್ಟಿಂಗಪ್ಪಂಗೆ ಯಾರು ಕಲಿಸಿದ್ದು?"

"ಇನ್ಯಾರು, ನಾನೇ. ಮದುವೆ ಆದ ಹೊಸತರಲ್ಲಿ ಬರೀ ಎಳೇವೇ ಕೊಯ್ಕೊಂಡು ಬರೋರು. ಯಾಕಯ್ಯಾ?"

"ಬಾ."

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಕನ್ನಪ್ಪನ ನಾಲ್ಕಾಣೆ ಹಿಡಿದು ಸ್ಟೂಲ್ ಹತ್ತಿದಳು. ಬಿಳಿ ಗುರುತಿನದನ್ನು ತುದಿಯವರೆಗೆ ಬಡಿದಳು. ಟಿಣ್, ಟಿಣ್, ಟಿಣ್. ಸ್ಟೂಲ್ ಸರಿಸಿ ಕೆಂಪಿನದಕ್ಕೆ ಬಂದಳು. ಟಿಣ್. ಟಿಣ್. ಟಿಣ್...

ನಿಲ್ಲಿಸಿದಳು. ಮತ್ತೆ ಬಡಿದಳು. ಕಿವಿ ಹತ್ತಿರ ತಂದಳು.

"ಇಲ್ಲಿ ಒಳಗೆ ಬಿಟ್ಕೊಂಡದೆ."

ಕನ್ನಪ್ಪ ಬುಡದಿಂದ ಮೊಳ ಹಾಕಿದ. ಒಂದು. ಎರಡು. ಮೂರು.

ಈಗ ಅಂಜನಪ್ಪ ನಗಲಿಲ್ಲ. ಆ ಜಾಗದಲ್ಲಿ ಚಾಕುವಿನ ಮೊನೆ ತೂರಿಸಿದ. ಅಂಗೈಯಗಲ ತಗಡು ಒಣಗಿದ ಹುಣ್ಣಿನ ಹಕ್ಕಳೆಯಂತೆ ಎದ್ದು ಬಂತು. ಒಳಗೆ ಅಂಟು ಪುಡಿಪುಡಿ. ಸರ್ವೆಯವರು ಬೆಲ್ಟ್ ಬಿಚ್ಚಿ ಇಳಿದರು. ಒಬ್ಬ ಹುಲ್ಲಿನ ಮೇಲೆ ಕೂತು ವಾಂತಿ ಮಾಡಿಕೊಂಡ. ಹುಲಿಯಮ್ಮ ನಾಲ್ಕಾಣೆ ವಾಪಸು ಕೊಟ್ಟು ಕೇಳಿದ್ದು ಇಷ್ಟೇ:

"ಅವರು ಎಲ್ಲಿ ಸಿಕ್ಕಿದ್ರು, ಅಯ್ಯಾ?"

ಕನ್ನಪ್ಪ ಬಾವಿಯ ಕಡೆ ಕೈ ತೋರಿಸಿದ. ಅವಳು ತರಕಾರಿ ಹೆಚ್ಚಲು ಹೋದಳು.

ಅವನು ಅದೇ ವಾರ ಕೆಲಸ ಬಿಟ್ಟ. ಈಗ ಸಾಗರದಲ್ಲಿ ಹೊಲಿಗೆ ಮೆಷಿನ್ ರಿಪೇರಿ ಮಾಡುತ್ತಾನೆ. ನೆಲ ಬಿಡದ ಮೆಷಿನ್ನೇ ಸಾಕು ಅನ್ನುತ್ತಾನೆ. ಬೇಕಾದರೆ ಹೋಗಿ ಕೇಳಿ, ಒಂದಕ್ಷರ ನಾನು ಸೇರಿಸಿಲ್ಲ.

ಆ ಸಿಮ್ಯುಲೇಟರಿನ ಹಾಳೆ ಇದೆಯಲ್ಲ, ಅದನ್ನು ಮನೆಯಲ್ಲಿಟ್ಟುಕೊಳ್ಳಲು ಅವನಿಗೆ ಧೈರ್ಯವಿಲ್ಲ. ನನಗೆ ಕೊಟ್ಟಿದ್ದಾನೆ. ಕಾರಣ ಬರೆಯುವ ಜಾಗ ಮೂರು ಸಾಲಿನಲ್ಲೂ ಖಾಲಿಯೇ ಇದೆ, ಅಕ್ಷರ ಏನಿಲ್ಲ. ಆದರೆ ಒಂದೊಂದರಲ್ಲೂ ಒಂದು ದುಂಡನೆಯ ಕಲೆ. ಕಾಸಿನಗಲ. ಹಸಿರು, ತಾಮ್ರದ ಕಿಲುಬಿನ ಹಸಿರು. ಕೈಯಿಂದ ಉಜ್ಜಿದರೆ ಬೆರಳಿಗೆ ಮಣ್ಣು ಹತ್ತುತ್ತದೆ.

ಇಲ್ಲೇ ನನ್ನ ಚೀಲದಲ್ಲಿದೆ. ತೋರಿಸ್ತೀನಿ.

ಈಗ ಬೇಡ... ಬೆಳಕು ಹರಿಯಲಿ.